ಅಧಿಕ ವೋಲ್ಟೇಜಿನ ಅಡಕ ಪಲ್ಸ್ ಜನಕ ಮತ್ತು ಅದರ ಟ್ರಾನ್ಸ್‌ಫಾರ್ಮರ್

ವಿದ್ಯುಚ್ಛಕ್ತಿಯನ್ನು ನಿಧಾನವಾಗಿ ಕೂಡಿಟ್ಟುಕೊಂಡು, ಕೂಡಿಟ್ಟದ್ದನ್ನು ಅತ್ಯಲ್ಪ ಕಾಲದಲ್ಲಿ ಸಾವಿರಾರು ಅಥವಾ ಲಕ್ಷಾಂತರ ವೋಲ್ಟುಗಳ ಒಂದೇ ಮಿಡಿತವಾಗಿ ಹೊರಬಿಡುವ ಸಾಧನಕ್ಕೆ ಅಧಿಕ ವೋಲ್ಟೇಜಿನ ಪಲ್ಸ್ ಜನಕ ಎಂದು ಹೆಸರು. ಆ ಮಿಡಿತವನ್ನು ಪಲ್ಸ್ ಅಥವಾ ಸ್ಪಂದ ಎನ್ನುತ್ತಾರೆ. ಅದರ ಅವಧಿ ಬಳಕೆಗೆ ತಕ್ಕಂತೆ ಸೆಕೆಂಡಿನ ಸಾವಿರದ ಒಂದು ಭಾಗದಿಂದ ಹಿಡಿದು ನೂರು ಕೋಟಿಯ ಒಂದು ಭಾಗ, ಎಂದರೆ ಒಂದು ನ್ಯಾನೊಸೆಕೆಂಡಿನವರೆಗೂ ಇರಬಹುದು. ಬೈಕಿನ ಇಗ್ನಿಷನ್ ಕಾಯಿಲ್, ಕಾಡಂಚಿನ ಹೊಲದ ಸೋಲಾರ್ ಬೇಲಿಯ ಪೆಟ್ಟಿಗೆ, ರೇಡಾರಿನ ಮಾಡ್ಯುಲೇಟರ್, ಕ್ಯಾನ್ಸರ್ ಚಿಕಿತ್ಸೆಯ ಲೀನಿಯರ್ ಆಕ್ಸಲರೇಟರ್ ಯಂತ್ರದ ಶಕ್ತಿಮೂಲ ಇವೆಲ್ಲ ಒಂದೇ ತತ್ತ್ವದ ಬೇರೆ ಬೇರೆ ರೂಪಗಳು. ಇಂಥ ಸಾಧನವನ್ನು ಕೋಣೆಯ ಗಾತ್ರದಿಂದ ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಇಳಿಸುವುದು ಪ್ರತ್ಯೇಕ ವಿನ್ಯಾಸಶಾಸ್ತ್ರವಾಗಿಯೇ ಬೆಳೆದಿದೆ. ವೋಲ್ಟೇಜನ್ನು ಏರಿಸುವ ಪಲ್ಸ್ ಟ್ರಾನ್ಸ್‌ಫಾರ್ಮರಿನಲ್ಲಿ ಕಾಂತೀಯ, ವಿದ್ಯುತ್ ಮತ್ತು ಉಷ್ಣ ಮಿತಿಗಳು ಮೂರೂ ಒಂದೇ ಜಾಗಕ್ಕಾಗಿ ಸ್ಪರ್ಧಿಸುವುದರಿಂದ ಆ ಶಾಸ್ತ್ರದ ಕಠಿಣ ಪ್ರಶ್ನೆಗಳೆಲ್ಲ ಅಲ್ಲಿಯೇ ಬಂದು ಸೇರುತ್ತವೆ.

ಮೂಲ ತತ್ತ್ವ

ಪಲ್ಸ್ ಜನಕ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಕಾಲವನ್ನು ಕುಗ್ಗಿಸುತ್ತದೆ. ಒಂದು ಜೂಲ್ ಶಕ್ತಿಯನ್ನು ಒಂದು ಸೆಕೆಂಡಿನಲ್ಲಿ ಬಿಟ್ಟರೆ ದೊರೆಯುವ ಸಾಮರ್ಥ್ಯ ಒಂದು ವ್ಯಾಟ್. ಅದೇ ಒಂದು ಜೂಲನ್ನು ಒಂದು ಮೈಕ್ರೊಸೆಕೆಂಡಿನಲ್ಲಿ ಬಿಟ್ಟರೆ ಹತ್ತು ಲಕ್ಷ ವ್ಯಾಟ್. ಶಕ್ತಿಯನ್ನು ಸಾಮಾನ್ಯವಾಗಿ ಕೆಪಾಸಿಟರ್ ಎಂಬ ಧಾರಕದಲ್ಲಿ ಕೂಡಿಡುತ್ತಾರೆ. ಹಾಗೆ ಕೂಡಿದ ಶಕ್ತಿ ಧಾರಕತೆಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದರಿಂದ ವೋಲ್ಟೇಜನ್ನು ಇಮ್ಮಡಿಗೊಳಿಸಿದರೆ ಅದೇ ಧಾರಕದಲ್ಲಿ ನಾಲ್ಕು ಪಟ್ಟು ಶಕ್ತಿ ಹಿಡಿಯುತ್ತದೆ. ಆದರೆ ಅದರ ಒಳಗಿನ ಅವಾಹಕದ ಮೇಲಿನ ಒತ್ತಡವೂ ಇಮ್ಮಡಿಯಾಗಿ, ಅದರ ಆಯುಸ್ಸು ಬಹುಪಾಲು ಇಳಿಯುತ್ತದೆ.

ಪಲ್ಸಿನ ಗುಣವನ್ನು ನಾಲ್ಕು ಅಳತೆಗಳಲ್ಲಿ ಹೇಳುವುದು ರೂಢಿ. ಶಿಖರಕ್ಕೆ ಮುಟ್ಟಲು ತಗಲುವ ಏರಿಕೆಯ ಕಾಲ ಮೊದಲನೆಯದು, ಪಲ್ಸಿನ ಅವಧಿ ಎರಡನೆಯದು. ಆ ಅವಧಿಯಲ್ಲಿ ಪಲ್ಸಿನ ಮೇಲ್ಭಾಗ ಎಷ್ಟು ಕೆಳಕ್ಕೆ ವಾಲುತ್ತದೆ ಎಂಬ ಇಳಿಜಾರು ಮೂರನೆಯದು, ಸೆಕೆಂಡಿಗೆ ಎಷ್ಟು ಬಾರಿ ಪಲ್ಸ್ ಹೊಮ್ಮುತ್ತದೆ ಎಂಬ ಆವರ್ತನೆಯ ದರ ನಾಲ್ಕನೆಯದು. ಲೋಡ್, ಎಂದರೆ ಪಲ್ಸನ್ನು ಪಡೆಯುವ ಉಪಕರಣ, ಈ ನಾಲ್ಕರಲ್ಲಿ ಯಾವುದನ್ನು ಬಿಗಿಯಾಗಿ ಕೇಳುತ್ತದೆ ಎಂಬುದರ ಮೇಲೆ ಇಡೀ ವಿನ್ಯಾಸ ನಿಂತಿರುತ್ತದೆ. ರೇಡಾರಿನ ಮ್ಯಾಗ್ನೆಟ್ರಾನಿಗೆ ಸಮತಟ್ಟಾದ ಮೇಲ್ಭಾಗ ಬೇಕು. ಕಿಡಿ ಹಾರಿಸುವ ಇಗ್ನಿಷನ್ ಕಾಯಿಲಿಗೆ ಶಿಖರವೊಂದು ದೊರೆತರೆ ಸಾಕು.

ಇತಿಹಾಸ

1831ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡ ಕೆಲವೇ ವರ್ಷಗಳಲ್ಲಿ, 1836ರಲ್ಲಿ, ಐರ್ಲೆಂಡಿನ ಮೇನೂತ್ ಕಾಲೇಜಿನ ಪಾದ್ರಿ ನಿಕೊಲಸ್ ಕ್ಯಾಲನ್ ಇಂಡಕ್ಷನ್ ಕಾಯಿಲನ್ನು ರಚಿಸಿದನು. ದಪ್ಪ ತಂತಿಯ ಕೆಲವೇ ಸುತ್ತುಗಳಲ್ಲಿ ಹರಿಯುವ ಬ್ಯಾಟರಿಯ ಪ್ರವಾಹವನ್ನು ಥಟ್ಟನೆ ಕಡಿದಾಗ, ಅದೇ ಕಬ್ಬಿಣದ ಮೇಲೆ ಸುತ್ತಿದ ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಅಧಿಕ ವೋಲ್ಟೇಜಿನ ಪಲ್ಸ್ ಹುಟ್ಟುತ್ತಿತ್ತು. ಪ್ಯಾರಿಸಿನಲ್ಲಿ ನೆಲೆಸಿದ್ದ ಜರ್ಮನ್ ಉಪಕರಣ ತಯಾರಕ ಹೈನ್ರಿಕ್ ರೂಮ್‌ಕಾರ್ಫ್ 1851ರ ಹೊತ್ತಿಗೆ ಅದನ್ನು ಸುಧಾರಿಸಿ ಮಾರಾಟಕ್ಕೆ ತಂದನು, ಮುಂದೆ 1864ರಲ್ಲಿ ಫ್ರಾನ್ಸಿನ ಮೂರನೆಯ ನೆಪೋಲಿಯನ್ ಸ್ಥಾಪಿಸಿದ್ದ 50,000 ಫ್ರಾಂಕುಗಳ ಬಹುಮಾನವನ್ನು ಪಡೆದನು. ಹೈನ್ರಿಕ್ ಹರ್ಟ್ಸ್ ರೇಡಿಯೊ ಅಲೆಗಳನ್ನು ತೋರಿಸಿದ್ದು, 1895ರಲ್ಲಿ ರಾಂಟ್ಗನ್ ಎಕ್ಸ್ ಕಿರಣಗಳನ್ನು ಕಂಡದ್ದು, ಅದೇ ದಶಕದಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಅಳತೆಯ ಅಲೆಗಳನ್ನು ಹುಟ್ಟಿಸಿದ್ದು ಇಂಥ ಕಾಯಿಲುಗಳ ನೆರವಿನಿಂದಲೇ. 1891ರಲ್ಲಿ ನಿಕೊಲಾ ಟೆಸ್ಲಾ ಎರಡು ಸುರುಳಿಗಳನ್ನು ಒಂದೇ ಆವರ್ತನಕ್ಕೆ ಹೊಂದಿಸಿ, ಅನುರಣನದ ಬಲದಿಂದ ವೋಲ್ಟೇಜನ್ನು ಏರಿಸುವ ಟ್ರಾನ್ಸ್‌ಫಾರ್ಮರನ್ನು ಮುಂದಿಟ್ಟನು.

1924ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ವಿವರಿಸಿದ ಮಂಡಲದಲ್ಲಿ ಟ್ರಾನ್ಸ್‌ಫಾರ್ಮರಿಲ್ಲದೆಯೇ ವೋಲ್ಟೇಜು ಏರುತ್ತದೆ: ಹಲವು ಧಾರಕಗಳನ್ನು ಸಮಾಂತರವಾಗಿ ತುಂಬಿ, ನಡುವಿನ ಕಿಡಿತೆರಪುಗಳು ಸಿಡಿದಾಗ ಅವು ತಾವಾಗಿ ಸರಣಿಯಲ್ಲಿ ಜೋಡಣೆಯಾಗುತ್ತವೆ. 30 ಕಿಲೊವೋಲ್ಟಿಗೆ ತುಂಬಿದ ಹತ್ತು ಹಂತಗಳು ಹೀಗೆ 300 ಕಿಲೊವೋಲ್ಟುಗಳ ಆಸುಪಾಸಿನ ಪಲ್ಸ್ ಕೊಡುತ್ತವೆ. ಸಿಡಿಲಿನ ಹೊಡೆತವನ್ನು ಪ್ರಯೋಗಾಲಯದಲ್ಲಿ ಅನುಕರಿಸಲು, ಎಂದರೆ 1.2 ಮೈಕ್ರೊಸೆಕೆಂಡಿನಲ್ಲಿ ಏರಿ 50 ಮೈಕ್ರೊಸೆಕೆಂಡಿನಲ್ಲಿ ಅರ್ಧಕ್ಕಿಳಿಯುವ ಪ್ರಮಾಣೀಕೃತ ಪಲ್ಸ್ ಪಡೆಯಲು, ಇಂದಿಗೂ ಮಾರ್ಕ್ಸ್ ಮಂಡಲವೇ ಆಧಾರ.

ಎರಡನೆಯ ಮಹಾಯುದ್ಧ ಈ ಶಾಸ್ತ್ರವನ್ನು ಪ್ರಯೋಗಾಲಯದಿಂದ ವಿಮಾನದ ಒಡಲಿಗೆ ತಂದಿತು. 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರಾಂಡಲ್ ಮತ್ತು ಬೂಟ್ ರೂಪಿಸಿದ ಕ್ಯಾವಿಟಿ ಮ್ಯಾಗ್ನೆಟ್ರಾನನ್ನು ವಿಮಾನದಲ್ಲಿ ಹೊತ್ತೊಯ್ಯಬೇಕಾದಾಗ ಅದಕ್ಕೆ ಪಲ್ಸ್ ಕೊಡುವ ಮಾಡ್ಯುಲೇಟರಿನ ತೂಕ ಮತ್ತು ಗಾತ್ರ ನಿರ್ಣಾಯಕವಾದವು. ಅಮೆರಿಕದ ಎಂ.ಐ.ಟಿ. ವಿಕಿರಣ ಪ್ರಯೋಗಾಲಯದಲ್ಲಿ ನಡೆದ ಈ ಕೆಲಸವನ್ನು ಗ್ಲಾಸೊ ಮತ್ತು ಲೆಬಾಕ್ ಸಂಪಾದಿಸಿದ, 1948ರಲ್ಲಿ ಪ್ರಕಟವಾದ 'ಪಲ್ಸ್ ಜನರೇಟರ್ಸ್' ಗ್ರಂಥ ದಾಖಲಿಸಿತು. ಪಲ್ಸ್ ಟ್ರಾನ್ಸ್‌ಫಾರ್ಮರಿನ ಗಣಿತವನ್ನು ಕ್ರಮಬದ್ಧವಾಗಿ ಕೊಟ್ಟ ಆಕರಗ್ರಂಥಗಳಲ್ಲಿ ಅದು ಮುಖ್ಯವಾದುದು. ಬ್ರಿಟನ್ನಿನ ಅಲನ್ ಬ್ಲೂಮ್ಲೈನ್ ಜೋಡಿ ಪ್ರಸರಣ ತಂತಿಯ ಮಂಡಲವನ್ನು ರೂಪಿಸಿದ್ದೂ ಈ ಕಾಲದಲ್ಲೇ. ಆತ 1942ರಲ್ಲಿ ರೇಡಾರಿನ ಪರೀಕ್ಷಾ ಹಾರಾಟದಲ್ಲಿ ವಿಮಾನ ಅಪಘಾತಕ್ಕೀಡಾಗಿ ಮಡಿದನು. 1951ರಲ್ಲಿ ಮೆಲ್ವಿಲ್ ಕಾಂತೀಯ ಪಲ್ಸ್ ಸಂಕೋಚನದ ವಿಧಾನವನ್ನು ಪ್ರಕಟಿಸಿದನು, 1960ರ ದಶಕದಲ್ಲಿ ಇಂಗ್ಲೆಂಡಿನ ಆಲ್ಡರ್‌ಮಾಸ್ಟನ್ನಿನಲ್ಲಿ ಜೆ. ಸಿ. ಮಾರ್ಟಿನ್ ಮತ್ತು ಸಂಗಡಿಗರು ಎಣ್ಣೆ ಹಾಗೂ ನೀರಿನ ಅವಾಹಕ ಗುಣವನ್ನು ಅಳೆದು ಆಧುನಿಕ ಪಲ್ಸ್ ಸಾಮರ್ಥ್ಯ ಶಾಸ್ತ್ರಕ್ಕೆ ತಳಹದಿ ಹಾಕಿದರು. ರಷ್ಯದ ಟಾಮ್ಸ್ಕ್ ಮತ್ತು ಯೆಕಟೆರಿನ್‌ಬರ್ಗ್ ನಗರಗಳ ಸಂಸ್ಥೆಗಳು ಟೆಸ್ಲಾ ಟ್ರಾನ್ಸ್‌ಫಾರ್ಮರನ್ನು ಪಲ್ಸ್ ತಂತಿಯ ಒಳಗೇ ಅಡಗಿಸಿ 'ಸಿನಸ್' ಮತ್ತು 'ರಾಡಾನ್' ಎಂಬ ಮಾಲಿಕೆಗಳನ್ನು ತಯಾರಿಸಿದವು. ಅಡಕ ವಿನ್ಯಾಸಕ್ಕೆ ಇವು ಇಂದಿಗೂ ಮೇಲ್ಪಂಕ್ತಿಯಾಗಿವೆ.

ಪಲ್ಸ್ ಟ್ರಾನ್ಸ್‌ಫಾರ್ಮರಿನ ವಿನ್ಯಾಸ

ಬೀದಿಯ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಆವರ್ತಗಳ ಸಾವಧಾನದ ಪ್ರವಾಹಕ್ಕೆ ದುಡಿಯುತ್ತದೆ. ಪಲ್ಸ್ ಟ್ರಾನ್ಸ್‌ಫಾರ್ಮರ್ ಚೌಕಾಕಾರದ ಒಂದು ಅಲೆಯನ್ನು ಅದರ ಅಂಚುಗಳು ಮಂಕಾಗದಂತೆ, ಮೇಲ್ಭಾಗ ವಾಲದಂತೆ ದಾಟಿಸಬೇಕು. ಮೇಲ್ಭಾಗ ನೆಟ್ಟಗಿರಬೇಕಾದರೆ ಹೆಚ್ಚು ಸುತ್ತುಗಳೂ ದೊಡ್ಡ ಕೋರೂ ಬೇಕು. ಅಂಚುಗಳು ಚೂಪಾಗಿರಬೇಕಾದರೆ ಕಡಿಮೆ ಸುತ್ತುಗಳೂ ಚಿಕ್ಕ ಕೋರೂ ಬೇಕು. ಈ ವಿರೋಧವನ್ನು ಸಂಧಾನಕ್ಕೆ ತರುವುದೇ ವಿನ್ಯಾಸಕಾರನ ಕೆಲಸದ ಹೆಚ್ಚಿನ ಪಾಲು.

ಕೋರ್ ಎಂಬ ಕಾಂತೀಯ ತಿರುಳಿಗೆ ಮೊದಲನೆಯ ನಿಯಮ ವೋಲ್ಟ್-ಸೆಕೆಂಡಿನದು. ಪ್ರಾಥಮಿಕ ಸುರುಳಿಯ ಮೇಲೆ ವೋಲ್ಟೇಜು ಇರುವಷ್ಟು ಹೊತ್ತೂ ಕೋರಿನ ಕಾಂತಕ್ಷೇತ್ರ ಏರುತ್ತಲೇ ಇರುತ್ತದೆ. ವೋಲ್ಟೇಜು ಮತ್ತು ಅವಧಿಯ ಗುಣಲಬ್ಧವು ಸುತ್ತುಗಳ ಸಂಖ್ಯೆ, ಕೋರಿನ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಕ್ಷೇತ್ರದ ಬದಲಾವಣೆ ಈ ಮೂರರ ಗುಣಲಬ್ಧವನ್ನು ಮೀರಿದರೆ ಕೋರ್ ಪರ್ಯಾಪ್ತ ಸ್ಥಿತಿಗೆ ತಲುಪುತ್ತದೆ, ಎಂದರೆ ಇನ್ನಷ್ಟು ಕಾಂತತ್ವವನ್ನು ಹೊರಲಾರದೆ ಸೋಲುತ್ತದೆ. ಆ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಬರಿಯ ತಂತಿಯಾಗಿ, ಪ್ರವಾಹ ಸ್ವಿಚ್ಚನ್ನು ಸುಡುವಷ್ಟು ಏರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. 1,000 ಓಮ್ ರೋಧವುಳ್ಳ ಲೋಡಿಗೆ 20 ಕಿಲೊವೋಲ್ಟುಗಳ, 5 ಮೈಕ್ರೊಸೆಕೆಂಡ್ ಅವಧಿಯ ಪಲ್ಸನ್ನು ಸೆಕೆಂಡಿಗೆ 100 ಬಾರಿ ಕೊಡಬೇಕು, ಕೈಯಲ್ಲಿರುವುದು 1 ಕಿಲೊವೋಲ್ಟಿನ ಧಾರಕ ಎಂದಿಟ್ಟುಕೊಳ್ಳಬಹುದು. ಲೋಡಿನಲ್ಲಿ 20 ಆಂಪಿಯರ್, ಪ್ರಾಥಮಿಕದಲ್ಲಿ 400 ಆಂಪಿಯರ್ ಹರಿಯುತ್ತದೆ. ಶಿಖರ ಸಾಮರ್ಥ್ಯ 400 ಕಿಲೊವ್ಯಾಟ್. ಆದರೆ ಪ್ರತಿ ಪಲ್ಸಿನ ಶಕ್ತಿ 2 ಜೂಲ್ ಮಾತ್ರ, ಸರಾಸರಿ ಸಾಮರ್ಥ್ಯ 200 ವ್ಯಾಟ್ ಮಾತ್ರ. ಪ್ರಾಥಮಿಕಕ್ಕೆ 5 ಸುತ್ತು, ದ್ವಿತೀಯಕಕ್ಕೆ 100 ಸುತ್ತು ಹಾಕಿ, ಕೋರಿನ ಕ್ಷೇತ್ರದ ಬದಲಾವಣೆಯನ್ನು 1 ಟೆಸ್ಲಾಗೆ ಮಿತಿಗೊಳಿಸಿದರೆ 10 ಚದರ ಸೆಂಟಿಮೀಟರ್ ಅಡ್ಡಕೊಯ್ತ ಬೇಕಾಗುತ್ತದೆ. ಎರಡು ಪಲ್ಸುಗಳ ನಡುವೆ ಪ್ರತ್ಯೇಕ ಸುರುಳಿಯೊಂದರಲ್ಲಿ ಸಣ್ಣ ವಿರುದ್ಧ ಪ್ರವಾಹ ಹರಿಸಿ ಕೋರನ್ನು ಋಣ ದಿಕ್ಕಿನ 1 ಟೆಸ್ಲಾಗೆ ಹಿಂದಕ್ಕೆ ಎಳೆದಿಟ್ಟರೆ ಬದಲಾವಣೆಗೆ 2 ಟೆಸ್ಲಾ ದೊರೆತು, 5 ಚದರ ಸೆಂಟಿಮೀಟರ್ ಸಾಕಾಗುತ್ತದೆ. ಕೆಲವೇ ಆಂಪಿಯರಿನ ಒಂದು ಹಿಮ್ಮುಖ ಪ್ರವಾಹ ಕೋರಿನ ವಿಸ್ತೀರ್ಣವನ್ನು ಹೀಗೆ ಅರ್ಧಕ್ಕಿಳಿಸುತ್ತದೆ.

ಇಳಿಜಾರಿನ ಬೆಲೆಯೂ ಇದೇ ಉದಾಹರಣೆಯಲ್ಲಿ ಕಾಣುತ್ತದೆ. ಪ್ರತಿ ಪಲ್ಸು ಧಾರಕದಿಂದ 2 ಮಿಲಿಕೂಲಂಬ್ ಆವೇಶವನ್ನು ಸೆಳೆಯುತ್ತದೆ. ಧಾರಕ ಬರಿದಾಗುವುದರಿಂದ ಉಂಟಾಗುವ ಇಳಿಜಾರು ಶೇಕಡ 2ನ್ನು ಮೀರಬಾರದೆಂದರೆ 100 ಮೈಕ್ರೊಫ್ಯಾರಡ್ ಧಾರಕ ಬೇಕು, ಅದರಲ್ಲಿ 50 ಜೂಲ್ ಕೂಡಿರುತ್ತದೆ. ಎಂದರೆ 2 ಜೂಲ್ ಬಳಸಲು 50 ಜೂಲನ್ನು ಹೊತ್ತು ತಿರುಗಬೇಕು. ಲೋಡು ಶೇಕಡ 10ರ ಇಳಿಜಾರನ್ನು ಸಹಿಸುವುದಾದರೆ 20 ಮೈಕ್ರೊಫ್ಯಾರಡ್, 10 ಜೂಲ್ ಸಾಕು. ಆದ್ದರಿಂದಲೇ ಅನುಭವಿ ವಿನ್ಯಾಸಕಾರರು ಯಂತ್ರವನ್ನು ಚಿಕ್ಕದಾಗಿಸುವ ಮೊದಲು ಲೋಡಿನ ಬೇಡಿಕೆಯನ್ನು ಪ್ರಶ್ನಿಸುತ್ತಾರೆ.

ಏರಿಕೆಯ ಕಾಲವನ್ನು ನಿರ್ಧರಿಸುವುದು ಸೋರಿಕೆ ಪ್ರೇರಕತ್ವ ಮತ್ತು ಹರಡಿದ ಧಾರಕತೆ. ಪ್ರಾಥಮಿಕದ ಕಾಂತೀಯ ಅಭಿವಾಹದಲ್ಲಿ ದ್ವಿತೀಯಕಕ್ಕೆ ತಲುಪದೆ ಎರಡರ ನಡುವಿನ ತೆರಪಿನಲ್ಲಿ ಸೋರಿಹೋಗುವ ಭಾಗ ಸೋರಿಕೆ ಪ್ರೇರಕತ್ವವಾಗಿ ಪ್ರವಾಹದ ಏರಿಕೆಯನ್ನು ತಡೆಯುತ್ತದೆ. ಸುತ್ತು ಸುತ್ತುಗಳ ನಡುವೆ, ಸುರುಳಿ ಮತ್ತು ಕೋರಿನ ನಡುವೆ ತಾನಾಗಿ ಉಂಟಾಗುವ ಧಾರಕತೆ ವೋಲ್ಟೇಜಿನ ಏರಿಕೆಯನ್ನು ತಡೆಯುತ್ತದೆ. ಪ್ರಾಥಮಿಕದ ಕಡೆಯ ಯಾವುದೇ ಪ್ರೇರಕತ್ವ ದ್ವಿತೀಯಕದ ಕಡೆಗೆ ಸುತ್ತುಗಳ ಅನುಪಾತದ ವರ್ಗದಷ್ಟು ಹಿಗ್ಗಿ ಕಾಣುವುದು ಇಲ್ಲಿನ ದೊಡ್ಡ ತೊಡಕು. ಮೇಲಿನ ಉದಾಹರಣೆಯಲ್ಲಿ ಅನುಪಾತ 20 ಆದ್ದರಿಂದ ಅದರ ವರ್ಗ 400. ನೆಟ್ಟಗಿನ ತಂತಿಗೆ ಸೆಂಟಿಮೀಟರಿಗೆ ಸುಮಾರು 10 ನ್ಯಾನೊಹೆನ್ರಿ ಪ್ರೇರಕತ್ವವಿರುತ್ತದೆ ಎಂದರೆ, ಸ್ವಿಚ್ಚಿನಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುವ 5 ಸೆಂಟಿಮೀಟರ್ ತಂತಿಯ 50 ನ್ಯಾನೊಹೆನ್ರಿ ಲೋಡಿಗೆ 20 ಮೈಕ್ರೊಹೆನ್ರಿಯಾಗಿ ಕಂಡು ಏರಿಕೆಗೆ ಸುಮಾರು 44 ನ್ಯಾನೊಸೆಕೆಂಡ್ ಸೇರಿಸುತ್ತದೆ. ಅದೇ ತಂತಿ ಒಂದು ಮೀಟರ್ ಉದ್ದವಿದ್ದರೆ ಏರಿಕೆ 0.9 ಮೈಕ್ರೊಸೆಕೆಂಡಿಗೆ ಹತ್ತಿರವಾಗಿ, 5 ಮೈಕ್ರೊಸೆಕೆಂಡಿನ ಪಲ್ಸಿನ ಆರನೆಯ ಒಂದು ಭಾಗ ಏರುವುದರಲ್ಲೇ ಕಳೆಯುತ್ತದೆ. ಇದಕ್ಕಾಗಿ ದುಂಡು ತಂತಿಯ ಬದಲು ಅಗಲವಾದ ತಾಮ್ರದ ಪಟ್ಟಿಗಳನ್ನು, ಹೋಗುವ ಮತ್ತು ಮರಳುವ ಪ್ರವಾಹಗಳು ಒಂದರ ಮೇಲೊಂದು ಒತ್ತಿಕೊಂಡು ಹರಿಯುವಂತೆ, ನಡುವೆ ತೆಳು ಅವಾಹಕದ ಹಾಳೆಯಿಟ್ಟು ಜೋಡಿಸುತ್ತಾರೆ.

ಸುರುಳಿಯ ರಚನೆಯಲ್ಲಿ ಹಲವು ಕೌಶಲಗಳಿವೆ. ಪ್ರಾಥಮಿಕವನ್ನು ಕೋರಿನ ಸುತ್ತಲೂ ಹಂಚಿದ ಹಲವು ಸಮಾಂತರ ಪಟ್ಟಿಗಳಾಗಿ ಸುತ್ತಿದರೆ ಸೋರಿಕೆ ಇಳಿಯುತ್ತದೆ. ದ್ವಿತೀಯಕದ ಒಂದು ತುದಿ ನೆಲದ ವಿಭವದಲ್ಲಿದ್ದು ಇನ್ನೊಂದು ತುದಿ ಪೂರ್ಣ ವೋಲ್ಟೇಜಿನಲ್ಲಿರುವುದರಿಂದ, ಸುರುಳಿಯನ್ನು ಶಂಕುವಿನಾಕಾರದಲ್ಲಿ ಸುತ್ತಿ ವೋಲ್ಟೇಜು ಏರಿದಂತೆ ಕೋರಿನಿಂದ ದೂರವೂ ಏರುವಂತೆ ಮಾಡುತ್ತಾರೆ. ಅಗತ್ಯವಿಲ್ಲದೆಡೆ ತೆರಪು ಬಿಡದಿರುವುದರಿಂದ ಗಾತ್ರವೂ ಸೋರಿಕೆಯೂ ಒಟ್ಟಿಗೆ ಇಳಿಯುತ್ತವೆ. ಮ್ಯಾಗ್ನೆಟ್ರಾನ್ ಮತ್ತು ಕ್ಲೈಸ್ಟ್ರಾನುಗಳಂಥ ಕೊಳವೆಗಳಲ್ಲಿ ಬಿಸಿಯಾಗಬೇಕಾದ ಕ್ಯಾಥೋಡ್ ತಾನೇ ಅಧಿಕ ವೋಲ್ಟೇಜಿನಲ್ಲಿರುತ್ತದೆ. ಅಲ್ಲಿ ದ್ವಿತೀಯಕವನ್ನು ಜೋಡಿ ತಂತಿಗಳಲ್ಲಿ ಸುತ್ತುತ್ತಾರೆ: ಪಲ್ಸಿನ ಕಾಲದಲ್ಲಿ ಎರಡೂ ತಂತಿಗಳು ಒಟ್ಟಿಗೆ ಮೇಲೇರುತ್ತವೆ, ಅವುಗಳ ನಡುವೆ ಹರಿಯುವ ಹೀಟರಿನ ಕಡಿಮೆ ವೋಲ್ಟೇಜಿನ ಪ್ರವಾಹಕ್ಕೆ ಏನೂ ತಟ್ಟುವುದಿಲ್ಲ. ಬೇರೆಯೇ ಆದ ದೊಡ್ಡ ಹೀಟರ್ ಟ್ರಾನ್ಸ್‌ಫಾರ್ಮರೊಂದು ಇದರಿಂದ ಉಳಿಯುತ್ತದೆ.

ಕೋರಿನ ವಸ್ತುವಿನಲ್ಲಿ ಆದ ಪ್ರಗತಿ ಅಡಕತೆಗೆ ದೊಡ್ಡ ಕೊಡುಗೆ ನೀಡಿದೆ. ಕ್ಷಿಪ್ರವಾಗಿ ಬದಲಾಗುವ ಕ್ಷೇತ್ರ ಲೋಹದೊಳಗೆ ಸುಳಿ ಪ್ರವಾಹಗಳನ್ನು ಹುಟ್ಟಿಸಿ ಬಿಸಿಯುಂಟುಮಾಡುವುದರಿಂದ ಲೋಹವನ್ನು ಬಹಳ ತೆಳುವಾದ ಪಟ್ಟಿಗಳಾಗಿ ಬಳಸಬೇಕು. ಸಾಮಾನ್ಯ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಸಿಲಿಕಾನ್ ಉಕ್ಕಿನ ತಗಡು ಸುಮಾರು 0.3 ಮಿಲಿಮೀಟರ್ ದಪ್ಪವಿದ್ದರೆ ಪಲ್ಸ್ ಟ್ರಾನ್ಸ್‌ಫಾರ್ಮರಿಗೆ 0.05 ಮಿಲಿಮೀಟರಿನದು ಬೇಕಾಗುತ್ತದೆ. ಫೆರೈಟ್ ಎಂಬ ಪಿಂಗಾಣಿಯಂಥ ವಸ್ತು ವಿದ್ಯುತ್ತನ್ನು ಹರಿಯಗೊಡದ ಕಾರಣ ವೇಗದ ಪಲ್ಸಿಗೆ ಒಗ್ಗುತ್ತದೆ, ಆದರೆ 0.3ರಿಂದ 0.5 ಟೆಸ್ಲಾದ ಆಸುಪಾಸಿನಲ್ಲೇ ಪರ್ಯಾಪ್ತವಾಗುತ್ತದೆ. ಕರಗಿದ ಲೋಹವನ್ನು ಕ್ಷಣಾರ್ಧದಲ್ಲಿ ತಣಿಸಿ ತಯಾರಿಸುವ ಕಬ್ಬಿಣ ಮೂಲದ ಅಸ್ಫಟಿಕ ಪಟ್ಟಿ ಸುಮಾರು 1.5 ಟೆಸ್ಲಾವರೆಗೆ ತಡೆಯುತ್ತದೆ. 1988ರಲ್ಲಿ ಜಪಾನಿನ ಯೋಶಿಜಾವಾ ಮತ್ತು ಸಂಗಡಿಗರು ಪ್ರಕಟಿಸಿದ ನ್ಯಾನೊಸ್ಫಟಿಕ ಪಟ್ಟಿ ಸುಮಾರು 1.2 ಟೆಸ್ಲಾ ಮಿತಿಯನ್ನೂ ಬಹಳ ಕಡಿಮೆ ನಷ್ಟವನ್ನೂ ಒಟ್ಟಿಗೆ ಕೊಟ್ಟಿತು. ಸುಮಾರು 20 ಮೈಕ್ರೊಮೀಟರ್ ದಪ್ಪದ ಈ ಪಟ್ಟಿಯನ್ನು ಬಳೆಯಂತೆ ಸುತ್ತಿ ಮಾಡಿದ ಕೋರ್ ಇಂದು ಅಡಕ ಪಲ್ಸ್ ಟ್ರಾನ್ಸ್‌ಫಾರ್ಮರುಗಳ ಮೊದಲ ಆಯ್ಕೆಯಾಗಿದೆ.

ಅನುರಣನ, ತಂತಿ ಮತ್ತು ಸಂಕೋಚನ

ಲೋಡು ಧಾರಕದಂತಿದ್ದು, ಅದನ್ನು ತುಂಬುವುದಷ್ಟೇ ಕೆಲಸವಾಗಿದ್ದರೆ ಟೆಸ್ಲಾ ಟ್ರಾನ್ಸ್‌ಫಾರ್ಮರ್ ಅನುಕೂಲ. ಎರಡು ಸುರುಳಿಗಳ ನಡುವಿನ ಕಾಂತೀಯ ನಂಟನ್ನು ಸೂಚಿಸುವ ಸಂಯೋಜನ ಗುಣಾಂಕ 0.6 ಇದ್ದು ಎರಡೂ ಮಂಡಲಗಳು ಒಂದೇ ಆವರ್ತನದಲ್ಲಿದ್ದರೆ, ಪ್ರಾಥಮಿಕದ ಶಕ್ತಿಯೆಲ್ಲ ಆಂದೋಲನದ ಎರಡನೆಯ ಶಿಖರದ ಹೊತ್ತಿಗೆ ದ್ವಿತೀಯಕಕ್ಕೆ ದಾಟಿರುತ್ತದೆ. ಇಲ್ಲಿ ವೋಲ್ಟೇಜು ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ನಿರ್ಧರಿಸುವುದು ಎರಡು ಧಾರಕತೆಗಳ ಅನುಪಾತದ ವರ್ಗಮೂಲ. ಗುಣಾಂಕ 1ಕ್ಕಿಂತ ಬಹಳ ಕಡಿಮೆ ಇರಬಹುದಾದ್ದರಿಂದ ಸುರುಳಿಗಳ ನಡುವೆ ಅವಾಹಕಕ್ಕೆ ಧಾರಾಳವಾಗಿ ಜಾಗ ಬಿಡಬಹುದು, ಮುಚ್ಚಿದ ಕೋರೂ ಬೇಕಿಲ್ಲ.

ಹೀಗೆ ತುಂಬಿದ ಧಾರಕ ಎರಡು ಏಕಾಕ್ಷ ಕೊಳವೆಗಳ ಪ್ರಸರಣ ತಂತಿಯಾಗಿದ್ದರೆ ಅದರಿಂದ ಚೌಕಾಕಾರದ ಪಲ್ಸೇ ಹೊರಬರುತ್ತದೆ. ವಿದ್ಯುತ್ ಅಲೆ ತಂತಿಯ ತುದಿಗೆ ಹೋಗಿ ಮರಳುವ ಕಾಲವೇ ಪಲ್ಸಿನ ಅವಧಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಅಲೆ ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಸಾಗುವುದರಿಂದ ಒಂದು ಮೀಟರ್ ಉದ್ದದ ತಂತಿ 10 ನ್ಯಾನೊಸೆಕೆಂಡಿನ ಪಲ್ಸ್ ಕೊಡುತ್ತದೆ. ನೀರಿನ ಪರಾವೈದ್ಯುತಾಂಕ ಸುಮಾರು 80 ಆದ್ದರಿಂದ ಅಲೆ ಅಲ್ಲಿ ಬಹಳ ನಿಧಾನ. ಅದೇ ಒಂದು ಮೀಟರಿನಲ್ಲಿ 60 ನ್ಯಾನೊಸೆಕೆಂಡ್ ದೊರೆಯುತ್ತದೆ. ಆದರೆ ನೀರು ಲವಣಗಳನ್ನು ಕಳೆದುಕೊಂಡು ಅತಿ ಶುದ್ಧವಾಗಿರಬೇಕು, ತುಂಬುವ ಕೆಲಸ ಕೆಲವು ಮೈಕ್ರೊಸೆಕೆಂಡುಗಳಲ್ಲೇ ಮುಗಿಯಬೇಕು. ಒಂಟಿ ತಂತಿ ತನಗೆ ಸರಿಹೊಂದುವ ಲೋಡಿಗೆ ತುಂಬಿದ ವೋಲ್ಟೇಜಿನ ಅರ್ಧವನ್ನಷ್ಟೇ ಕೊಟ್ಟರೆ, ಬ್ಲೂಮ್ಲೈನನ ಜೋಡಿ ತಂತಿ ಪೂರ್ಣ ವೋಲ್ಟೇಜನ್ನು ಕೊಡುತ್ತದೆ.

ಪರ್ಯಾಪ್ತತೆ ಟ್ರಾನ್ಸ್‌ಫಾರ್ಮರಿಗೆ ಶತ್ರುವಾದರೂ ಸಂಕೋಚನಕ್ಕೆ ಮಿತ್ರ. ಕಾಂತೀಯ ಸ್ವಿಚ್ ಎಂದರೆ ಕೋರಿನ ಮೇಲೆ ಸುತ್ತಿದ ಒಂದು ಸುರುಳಿ: ಕೋರ್ ಪರ್ಯಾಪ್ತವಾಗುವವರೆಗೆ ಅದು ಪ್ರವಾಹವನ್ನು ತಡೆಹಿಡಿದು, ಆಮೇಲೆ ಒಮ್ಮೆಲೇ ದಾರಿ ಬಿಡುತ್ತದೆ. ಇಂಥ ಎರಡು ಮೂರು ಹಂತಗಳನ್ನು ಜೋಡಿಸಿದರೆ ನಿಧಾನದ ಪಲ್ಸು ಹಂತಹಂತಕ್ಕೂ ಕಿರಿದಾಗುತ್ತ ಹೋಗುತ್ತದೆ. ಸವೆಯುವ ಭಾಗವಿಲ್ಲದ ಕಾರಣ ಇದರ ಆಯುಸ್ಸು ದೀರ್ಘ.

ಸ್ವಿಚ್ಚುಗಳು

ಹಳೆಯ ಕಿಡಿತೆರಪು ಅಗ್ಗ, ಗಟ್ಟಿ, ಮೆಗಾವೋಲ್ಟುಗಳನ್ನೂ ತಾಳುತ್ತದೆ. ಆದರೆ ಅದರ ವಿದ್ಯುದಗ್ರಗಳು ಸವೆಯುತ್ತವೆ, ಒಂದು ಸಿಡಿತದ ನಂತರ ಅನಿಲ ಮತ್ತೆ ಅವಾಹಕವಾಗಲು ಬಿಡುವು ಬೇಕು. ಹೈಡ್ರೊಜನ್ ಥೈರಟ್ರಾನ್ ಎಂಬ ಅನಿಲ ಕೊಳವೆ ದಶಕಗಳ ಕಾಲ ರೇಡಾರುಗಳನ್ನು ನಡೆಸಿತು. ಈಗ ಅವುಗಳ ಸ್ಥಾನಕ್ಕೆ ಅರೆವಾಹಕಗಳು ಬರುತ್ತಿವೆ: ಥೈರಿಸ್ಟರ್ ಮೈಕ್ರೊಸೆಕೆಂಡುಗಳ ಕೆಲಸಕ್ಕೆ, ಐಜಿಬಿಟಿ ಅದಕ್ಕಿಂತ ವೇಗದ ಕೆಲಸಕ್ಕೆ, ಸಿಲಿಕಾನ್ ಕಾರ್ಬೈಡಿನ ಮಾಸ್‌ಫೆಟ್ ಹತ್ತಾರು ನ್ಯಾನೊಸೆಕೆಂಡುಗಳ ಕೆಲಸಕ್ಕೆ ಒದಗುತ್ತವೆ. ಇವುಗಳಲ್ಲಿ ಐಜಿಬಿಟಿ ಮತ್ತು ಮಾಸ್‌ಫೆಟ್ ಬೇಕೆಂದಾಗ ಪ್ರವಾಹವನ್ನು ಕಡಿಯಲೂ ಬಲ್ಲವಾದ್ದರಿಂದ ಪಲ್ಸಿನ ಅವಧಿಯನ್ನು ಗುಂಡಿಯಿಂದಲೇ ಬದಲಿಸಬಹುದು, ಲೋಡಿನಲ್ಲಿ ಕಿಡಿ ಹಾರಿದರೆ ಕೂಡಲೇ ನಿಲ್ಲಿಸಬಹುದು. ಒಂದೊಂದು ಅರೆವಾಹಕವೂ ಕೆಲವೇ ಕಿಲೊವೋಲ್ಟುಗಳನ್ನು ತಾಳುವುದರಿಂದ ಅವನ್ನು ಅರೆವಾಹಕ ಮಾರ್ಕ್ಸ್ ಮಂಡಲವಾಗಿ ಇಲ್ಲವೇ ಪ್ರೇರಣಾ ಸಂಕಲಕವಾಗಿ ಜೋಡಿಸುತ್ತಾರೆ. ಪ್ರೇರಣಾ ಸಂಕಲಕದಲ್ಲಿ ಬಳೆಯಾಕಾರದ ಹಲವು ಕೋರುಗಳನ್ನು ಒಂದರ ಮೇಲೊಂದಿಟ್ಟು, ಪ್ರತಿಯೊಂದಕ್ಕೂ ಅದರದೇ ಒಂದು ಸುತ್ತಿನ ಪ್ರಾಥಮಿಕ ಮತ್ತು ಸ್ವಿಚ್ಚು ಕೊಟ್ಟು, ಎಲ್ಲದರ ನಡುವೆ ಒಂದೇ ಲೋಹದ ಸರಳನ್ನು ದ್ವಿತೀಯಕವಾಗಿ ತೂರಿಸುತ್ತಾರೆ. ಪ್ರತಿ ಕೋರೂ ತನ್ನ ಪಾಲಿನ ವೋಲ್ಟೇಜನ್ನು ಸರಳಿಗೆ ಸೇರಿಸುತ್ತದೆ. ಸ್ವಿಚ್ಚುಗಳೆಲ್ಲ ನೆಲದ ವಿಭವದಲ್ಲೇ ಇರುವುದು ಇದರ ದೊಡ್ಡ ಅನುಕೂಲ.

ಅವಾಹಕ ವ್ಯವಸ್ಥೆ

ಸಾಮಾನ್ಯ ಒತ್ತಡದ ಗಾಳಿ ಸೆಂಟಿಮೀಟರಿಗೆ ಸುಮಾರು 30 ಕಿಲೊವೋಲ್ಟಿನಲ್ಲಿ ಸೋಲುತ್ತದೆ. ಮೈಗಳ ಮೇಲೆ ಧೂಳು, ತೇವ, ಚೂಪು ಅಂಚು ಇದ್ದರೆ ಅದಕ್ಕಿಂತ ಬಹಳ ಮೊದಲೇ. ಆದ್ದರಿಂದ ಅಡಕ ಜನಕಗಳನ್ನು ಎಣ್ಣೆಯಲ್ಲಿ ಮುಳುಗಿಸುತ್ತಾರೆ, ಎಪಾಕ್ಸಿ ಅಥವಾ ಸಿಲಿಕೋನ್ ಎರಕದಲ್ಲಿ ಹುದುಗಿಸುತ್ತಾರೆ, ಇಲ್ಲವೇ ಒತ್ತಡದ ಅನಿಲದಲ್ಲಿ ಇಡುತ್ತಾರೆ. ಸಲ್ಫರ್ ಹೆಕ್ಸಾಫ್ಲೊರೈಡ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಬಲಶಾಲಿಯಾದರೂ, ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲಾದ ಅನಿಲವಾದ್ದರಿಂದ ಅದರ ಬಳಕೆ ಕುಗ್ಗುತ್ತಿದೆ.

ಪಲ್ಸು ಕಿರಿದಾದಷ್ಟೂ ಅವಾಹಕಗಳು ಹೆಚ್ಚು ತಾಳುತ್ತವೆ ಎಂಬುದು ಈ ಶಾಸ್ತ್ರಕ್ಕೆ ನಿಸರ್ಗ ಕೊಟ್ಟಿರುವ ರಿಯಾಯಿತಿ. ಎಣ್ಣೆ ಮತ್ತು ನೀರಿಗೆ ಮಾರ್ಟಿನ್ ಕಂಡುಕೊಂಡ ಸೂತ್ರದಂತೆ ಒತ್ತಡವಿರುವ ಕಾಲ ಎಂಟನೆಯ ಒಂದು ಭಾಗಕ್ಕಿಳಿದರೆ ತಾಳಬಲ್ಲ ಕ್ಷೇತ್ರ ಇಮ್ಮಡಿಯಾಗುತ್ತದೆ. ವೇಗವಾಗಿ ತುಂಬಿ ವೇಗವಾಗಿ ಬರಿದಾಗುವ ಯಂತ್ರ ಚಿಕ್ಕದಾಗಿರಲು ಇದು ಮೂಲಕಾರಣ.

ಎರಕದ ವಿಧಾನದಲ್ಲಿ ಅಪಾಯವಿರುವುದು ಗಾಳಿಗುಳ್ಳೆಯಲ್ಲಿ. ಎಪಾಕ್ಸಿಯ ಪರಾವೈದ್ಯುತಾಂಕ ಗಾಳಿಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾದ್ದರಿಂದ, ಒಂದು ಮಿಲಿಮೀಟರಿನಷ್ಟು ದಪ್ಪದ ಚಪ್ಪಟೆ ಗುಳ್ಳೆಯೊಂದು ಉಳಿದಿದ್ದರೆ ಸುತ್ತಲಿನ ಎಪಾಕ್ಸಿಯ ಕ್ಷೇತ್ರ ಮಿಲಿಮೀಟರಿಗೆ 1 ಕಿಲೊವೋಲ್ಟ್ ಮಾತ್ರವಿದ್ದಾಗಲೂ ಗುಳ್ಳೆಯೊಳಗೆ 4 ಕಿಲೊವೋಲ್ಟಿನವರೆಗೆ ಏರುತ್ತದೆ. ಅಲ್ಲಿನ ಗಾಳಿ ತಾಳುವುದು 3 ಕಿಲೊವೋಲ್ಟ್. ಪ್ರತಿ ಪಲ್ಸಿಗೂ ಗುಳ್ಳೆಯೊಳಗೆ ಕಣ್ಣಿಗೆ ಕಾಣದ ಕಿಡಿ ಹಾರಿ, ಎಪಾಕ್ಸಿಯನ್ನು ಕೊರೆಯುತ್ತ ಮರದ ಕೊಂಬೆಗಳಂಥ ಕಪ್ಪು ಜಾಡನ್ನು ಬೆಳೆಸಿ, ತಿಂಗಳುಗಳ ನಂತರ ಒಂದು ದಿನ ಯಂತ್ರ ಕೈಕೊಡುತ್ತದೆ. ಆದಕಾರಣ ಸುರುಳಿಯನ್ನು ಒಣಗಿಸಿ, ನಿರ್ವಾತದಲ್ಲಿ ಎಪಾಕ್ಸಿ ಸುರಿದು, ಗುಳ್ಳೆಗಳು ಸಂಪೂರ್ಣ ಹೊರಹೋಗುವವರೆಗೆ ಕಾಯುವುದು ತಯಾರಿಕೆಯ ಅತ್ಯಂತ ತಾಳ್ಮೆಯ ಹಂತ. ಲೋಹ, ಘನ ಅವಾಹಕ ಮತ್ತು ಗಾಳಿ ಮೂರೂ ಕೂಡುವ ಸಂಧಿಯಲ್ಲಿ ಕ್ಷೇತ್ರ ಒಟ್ಟಾಗುವುದರಿಂದ ಅಂಥ ಸಂಧಿಗಳನ್ನು ದುಂಡನೆಯ ಲೋಹದ ಬಳೆಗಳಿಂದ ಮರೆಮಾಡುತ್ತಾರೆ.

ಉಪಯೋಗಗಳು

ರೇಡಾರ್, ಕಣ ವೇಗವರ್ಧಕ, ಲೇಸರ್, ಕ್ಷಣಿಕ ಎಕ್ಸ್ ಕಿರಣ ಚಿತ್ರಣ ಇವು ಪಲ್ಸ್ ಜನಕಗಳ ಹಳೆಯ ಬಳಕೆಗಳು. 1980ರಲ್ಲಿ ಮ್ಯೂನಿಕ್ಕಿನಲ್ಲಿ, ನೀರಿನೊಳಗಿನ ಕಿಡಿಯಿಂದ ಹುಟ್ಟಿದ ಆಘಾತ ಅಲೆಗಳನ್ನು ಕೇಂದ್ರೀಕರಿಸಿ ಶಸ್ತ್ರಚಿಕಿತ್ಸೆಯಿಲ್ಲದೆ ಮೂತ್ರಪಿಂಡದ ಕಲ್ಲನ್ನು ಮೊದಲ ಬಾರಿಗೆ ಪುಡಿಮಾಡಲಾಯಿತು. ಕಿರಿದಾದ ಪಲ್ಸುಗಳು ಜೀವಕೋಶದ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳನ್ನು ತೆರೆಯುತ್ತವೆ. ಹಣ್ಣಿನ ರಸವನ್ನು ಹೆಚ್ಚು ಕಾಯಿಸದೆ ಸೂಕ್ಷ್ಮಾಣುಗಳನ್ನು ಕೊಲ್ಲಲು, ಜೀವಕೋಶಗಳೊಳಗೆ ಔಷಧ ಅಥವಾ ಡಿಎನ್ಎ ಸೇರಿಸಲು ಇದನ್ನು ಬಳಸುತ್ತಾರೆ.

ಭಾರತದಲ್ಲಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರ ಮಾರ್ಕ್ಸ್ ಜನಕ ಮತ್ತು ಬ್ಲೂಮ್ಲೈನ್ ತಂತಿಗಳನ್ನು ಆಧರಿಸಿ 'ಕಾಲಿ' ಎಂಬ ಎಲೆಕ್ಟ್ರಾನ್ ಕಿರಣ ಯಂತ್ರಗಳ ಮಾಲಿಕೆಯನ್ನು ನಿರ್ಮಿಸಿದೆ. ಹೆಸರು 'ಕಿಲೊ ಆಂಪಿಯರ್ ಲೀನಿಯರ್ ಇಂಜೆಕ್ಟರ್' ಎಂಬುದರ ಸಂಕ್ಷೇಪ. ಬೆಂಗಳೂರು ಈ ಶಾಸ್ತ್ರಕ್ಕೆ ದೇಶದ ಮುಖ್ಯ ನೆಲೆಗಳಲ್ಲೊಂದು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧಿಕ ವೋಲ್ಟೇಜಿನ ಸಂಶೋಧನೆಗೆ ದೀರ್ಘ ಪರಂಪರೆಯಿದೆ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುತ್ತದೆ, ರೇಡಾರಿನ ಸೂಕ್ಷ್ಮತರಂಗ ಕೊಳವೆಗಳ ಅಭಿವೃದ್ಧಿಯೂ ಇಲ್ಲಿ ನಡೆಯುತ್ತದೆ.

ಕನ್ನಡ ನಾಡಿನ ರೈತರಿಗೆ ಅತ್ಯಂತ ಪರಿಚಿತವಾದ ಪಲ್ಸ್ ಜನಕ ಸೋಲಾರ್ ಬೇಲಿಯದು. ಕೊಡಗು, ಹಾಸನ, ಚಾಮರಾಜನಗರಗಳ ಕಾಡಂಚಿನಲ್ಲಿ ಆನೆ ಹಂದಿಗಳನ್ನು ತಡೆಯಲು ಬಳಸುವ ಈ ಪೆಟ್ಟಿಗೆಯೊಳಗೆ ಬ್ಯಾಟರಿಯಿಂದ ಕೆಲವು ನೂರು ವೋಲ್ಟುಗಳಿಗೆ ತುಂಬಿದ ಧಾರಕ, ಅದನ್ನು ಬರಿದುಮಾಡುವ ಥೈರಿಸ್ಟರ್ ಮತ್ತು ಒಂದು ಪಲ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಸುಮಾರು ಸೆಕೆಂಡಿಗೊಂದು ಬಾರಿ ಟಿಕ್ ಎನ್ನುತ್ತ ಅದು ತಂತಿಗೆ ಹಲವು ಕಿಲೊವೋಲ್ಟುಗಳ ಪಲ್ಸ್ ಕಳಿಸುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ 500 ಓಮ್ ಲೋಡಿಗೆ ಒಂದು ಪಲ್ಸಿನ ಶಕ್ತಿ 5 ಜೂಲನ್ನು ಮೀರುವಂತಿಲ್ಲ. ಪಲ್ಸು ಕ್ಷಣಾರ್ಧದಲ್ಲಿ ಮುಗಿದು, ಮುಂದಿನದು ಬರುವುದರೊಳಗೆ ಪ್ರಾಣಿಗೆ ಹಿಂದೆ ಸರಿಯಲು ಬಿಡುವು ಸಿಗುತ್ತದೆ. ನೋವಾಗುತ್ತದೆ, ಜೀವ ಉಳಿಯುತ್ತದೆ. ಅದೇ ಬೇಲಿಗೆ ಮನೆಯ 230 ವೋಲ್ಟಿನ ಲೈನನ್ನು ನೇರವಾಗಿ ಜೋಡಿಸಿದರೆ ಪ್ರವಾಹ ಬಿಡುವಿಲ್ಲದೆ ಹರಿದು ಸ್ನಾಯುಗಳನ್ನು ಹಿಡಿದಿಟ್ಟು ಕೊಲ್ಲುತ್ತದೆ. ಕಾನೂನು ನಿಷೇಧಿಸಿದ್ದರೂ ನಡೆಯುವ ಇಂಥ ಜೋಡಣೆಗಳಿಗೆ ಆನೆಗಳೂ ಮನುಷ್ಯರೂ ಬಲಿಯಾಗುತ್ತಿದ್ದಾರೆ. ಪ್ರಾಣಾಪಾಯವನ್ನು ಅಳೆಯಲು ವೋಲ್ಟಿನ ಸಂಖ್ಯೆಯೊಂದೇ ಸಾಲದು, ಶಕ್ತಿಯನ್ನೂ ಕಾಲವನ್ನೂ ಕೂಡಿಯೇ ನೋಡಬೇಕು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

ಸುರಕ್ಷತೆ

ಯಂತ್ರ ಅಡಕವಾದಷ್ಟೂ ಅದು ನಿರುಪದ್ರವಿಯೆಂಬ ಭ್ರಮೆ ಹುಟ್ಟುತ್ತದೆ. ಮೇಲಿನ ಉದಾಹರಣೆಯ 100 ಮೈಕ್ರೊಫ್ಯಾರಡ್ ಧಾರಕದಲ್ಲಿ, ಸ್ವಿಚ್ ಆರಿಸಿದ ಮೇಲೂ, 50 ಜೂಲ್ ಉಳಿದಿರುತ್ತದೆ. ಅದು ಸೋಲಾರ್ ಬೇಲಿಗೆ ಅನುಮತಿಸಿದ ಗರಿಷ್ಠ ಮಿತಿಯ ಹತ್ತು ಪಟ್ಟು. ಅದಕ್ಕೆ ಸಮಾಂತರವಾಗಿ 100 ಕಿಲೊಓಮಿನ ರೋಧಕವೊಂದನ್ನು ಶಾಶ್ವತವಾಗಿ ಜೋಡಿಸಿದರೆ 10 ವ್ಯಾಟ್ ನಿರಂತರ ನಷ್ಟದ ಬೆಲೆಗೆ, 50 ಸೆಕೆಂಡಿನಲ್ಲಿ ವೋಲ್ಟೇಜು 7 ವೋಲ್ಟಿಗಿಂತ ಕೆಳಗಿಳಿಯುತ್ತದೆ. ರೋಧಕ ಕಡಿದುಹೋಗಿರಬಹುದಾದ್ದರಿಂದ ಅದನ್ನು ನಂಬಿ ಕೈಹಾಕುವಂತಿಲ್ಲ. ಹಲವು ಧಾರಕಗಳು ಒಮ್ಮೆ ಬರಿದಾದ ಮೇಲೂ ತಮ್ಮ ಅವಾಹಕದಲ್ಲಿ ಹೀರಿಕೊಂಡ ಆವೇಶವನ್ನು ಮೆಲ್ಲಗೆ ಹೊರಬಿಟ್ಟು ಮತ್ತೆ ತುಂಬಿಕೊಳ್ಳುತ್ತವೆ. ಆದ್ದರಿಂದ ವೋಲ್ಟೇಜನ್ನು ಅಳೆದು, ನೆಲಕ್ಕೆ ಜೋಡಿಸಿದ ಅವಾಹಕ ಹಿಡಿಕೆಯ ಕೋಲಿನಿಂದ ಧಾರಕದ ತುದಿಗಳನ್ನು ಮುಟ್ಟಿಸಿ, ಕೆಲಸ ಮುಗಿಯುವವರೆಗೂ ಆ ಜೋಡಣೆಯನ್ನು ತೆಗೆಯದೆ ಬಿಡಬೇಕು. ಜೊತೆಯಲ್ಲಿ ಇನ್ನೊಬ್ಬರಿಲ್ಲದೆ ಇಂಥ ಯಂತ್ರದ ಮುಚ್ಚಳವನ್ನು ತೆರೆಯಬಾರದು.